ಕಂಡದ್ದೆಷ್ಟು, ಸೇರಿಸಿದ್ದೆಷ್ಟು

ಗೋವಿಂದಮ್ಮನ ಮನೆಯಲ್ಲಿ ಆ ಶುಕ್ರವಾರ ಸಭೆ ಸೇರದೇ ಇದ್ದಿದ್ದರೆ ಅವಳ ಮಗ ರಾಜೇಂದ್ರನ ಕೆಲಸ ಉಳಿಯುತ್ತಿತ್ತು. ಸೇರಿದ್ದರಿಂದ ಉಳಿದದ್ದೇನು ಅನ್ನುವುದು ಬೇರೆ ಮಾತು; ಅದನ್ನು ಹೇಳುವುದಕ್ಕೇ ಇಷ್ಟೆಲ್ಲ.

ನಂಜನಗೂಡಿನ ರೈಲ್ವೆ ಗೇಟು ದಾಟಿ ಎಡಕ್ಕೆ ತಿರುಗಿದರೆ ಸಿಮೆಂಟು ಶೀಟಿನ ಎರಡು ಕೋಣೆಯ ಮನೆ ಅವರದು. ಗೋವಿಂದಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಇನ್ನೂರು ಮಕ್ಕಳ ಅನ್ನದಲ್ಲಿ ಒಂದು ಕಲ್ಲು ಸಿಕ್ಕಿದರೂ ಮಾನ ಹೋಯಿತು ಎನ್ನುವಂಥವಳು. ಹನ್ನೊಂದು ವರ್ಷದ ಹಿಂದೆ ಯೇಸುಸ್ವಾಮಿಯನ್ನು ನಂಬಿದಳು. ಅವಳ ಸೆರಗು ಹಿಡಿದು ರಾಜೇಂದ್ರನೂ ಮಗಳು ಬಿಂದುಶ್ರೀಯೂ ಸಭೆಗೆ ಬಂದರು. ಗಂಡ ದೇವಯ್ಯ ಮಾತ್ರ ಬರಲಿಲ್ಲ. ಬರುವುದಿಲ್ಲ ಅಂದವನೂ ಅಲ್ಲ. ಯಾರಾದರೂ ಕರೆದರೆ, "ನೀವು ಮುಂದ್ ಓಗಿ ಸೀಟು ಇಡ್ಕಂಡಿರಿ, ನಾನು ಆಮ್ಯಾಕ್ ಬರೋ ಬಸ್ಸಲ್ಲಿ ಬತ್ತೀನಿ" ಅನ್ನುತ್ತಿದ್ದ. ಆ ಬಸ್ಸು ಹನ್ನೊಂದು ವರ್ಷವಾದರೂ ಹೊರಟಿರಲಿಲ್ಲ.

ಸಭೆಯವರಿಗೂ ಅವನ ಮೇಲಿನ ಆಸೆ ಬತ್ತಿಹೋಗಿತ್ತು. ಮೊದಮೊದಲು ಪ್ರಾರ್ಥನೆಯಲ್ಲಿ ಅವನ ಹೆಸರು ಬರುತ್ತಿತ್ತು. ಆಮೇಲಾಮೇಲೆ ರಾಜೇಂದ್ರನ ಕೆಲಸ, ಬಿಂದುಶ್ರೀಯ ಮದುವೆ ಇವಷ್ಟೇ ಬರುತ್ತಿದ್ದವು. ದೇವಯ್ಯ ಬೆಳಗ್ಗೆ ಏಳಕ್ಕೆ ಸೈಕಲ್ ಹತ್ತಿ ಟಿ. ನರಸೀಪುರದ ರಸ್ತೆಯ ಬಾಳೆತೋಟವೊಂದರ ಕಾವಲಿಗೆ ಹೋಗಿ ಸಂಜೆ ಬರುವವನು. ಅವನಿಗೂ ಅದೇ ಹಾಯಾಗಿತ್ತು.

ರಾಜೇಂದ್ರ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷದಿಂದ ಕಂಟ್ರಾಕ್ಟಿನ ಮೇಲೆ ಪ್ರೆಸ್ ಮಷಿನ್ ನಡೆಸುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಕೆಲವರನ್ನು ಪರ್ಮನೆಂಟ್ ಮಾಡುತ್ತಾರೆ, ಅಲ್ಲಿಯವರೆಗೆ ಒಂದು ದಿನವೂ ಹಾಜರಿ ತಪ್ಪಬಾರದು ಎಂದು ಸೂಪರ್‌ವೈಸರ್ ಕಿವಿಮಾತು ಹೇಳಿದ್ದ. ಹಾಗಾಗಿ ಹುಡುಗ ಕ್ಯಾಂಟೀನ್ ಊಟವನ್ನು ಬೈದುಕೊಂಡು, ಜ್ವರ ಬಂದ ದಿನವೂ ಬಿಡದೆ ಹೋಗುತ್ತಿದ್ದ.

ಆ ಶುಕ್ರವಾರದ ಉಪವಾಸ ಪ್ರಾರ್ಥನೆ ಡಿಸೆಂಬರ್ ಮೊದಲ ವಾರ ಇವರ ಮನೆಗೆ ಬಂತು. ಟಿವಿಯನ್ನು ಮೂಲೆಗೆ ತಳ್ಳಿ, ಮಂಚ ಹೊರಗಿಟ್ಟು, ಹದಿನೈದು ಜನ ಚಾಪೆಯ ಮೇಲೆ ಒತ್ತಿಕೊಂಡು ಕೂತಿದ್ದರು. ಟಿ. ನರಸೀಪುರದಾಚೆಯ ಹೆಮ್ಮಿಗೆಯಿಂದ ಜವರಮ್ಮ ಬಂದಿದ್ದಳು. ಐವತ್ತೈದರ ಹೆಂಗಸು, ತನ್ನ ಒಂದೆಕರೆ ಗದ್ದೆಯನ್ನು ತಾನೇ ಗೇಯುವವಳು, ಮಾತು ಕಮ್ಮಿ. ಅವಳು ಕಣ್ಣು ಮುಚ್ಚಿ ಸುಮ್ಮನಾದರೆ ಇಡೀ ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ಅದಕ್ಕೆ ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ಶಿವನಂಜಮ್ಮ ಎಂಬ ವಿಶ್ವಾಸಿಗೆ ಹಿತ್ತಿಲ ಕೋಣೆಯಲ್ಲಿ ಮಲಗಬೇಡ ಎಂದಿದ್ದಳು. ಮೂರನೆಯ ದಿನ ಗೋಡೆ ಕುಸಿದು ಅಲ್ಲಿದ್ದ ಮಂಚ ಪುಡಿಯಾಗಿತ್ತು.

ಈ ಸಭೆಯಲ್ಲಿ ಒಂದು ರೂಢಿ ಬೆಳೆದಿತ್ತು. ದರ್ಶನ ಕಂಡವರನ್ನು ತಿರುಗಿ ಪ್ರಶ್ನೆ ಕೇಳುವಂತಿಲ್ಲ. ಕೇಳಿದರೆ ಅಪನಂಬಿಕೆ. ಹೇಳಿದ್ದನ್ನು ಹೇಳಿದ ಹಾಗೇ ಸೆರಗಿಗೆ ಕಟ್ಟಿಕೊಂಡು ಆಮೆನ್ ಅನ್ನಬೇಕು, ಮೂರು ಶುಕ್ರವಾರ ಉಪವಾಸ ಮಾಡಬೇಕು. ಯಾರು ತಂದ ರೂಢಿಯೋ ಯಾರಿಗೂ ಗೊತ್ತಿಲ್ಲ, ಆದರೆ ಮುರಿಯುವ ಧೈರ್ಯ ಮಾತ್ರ ಒಬ್ಬರಿಗೂ ಇರಲಿಲ್ಲ.

ಹಾಡು ಮುಗಿದ ಮೇಲೆ ಜವರಮ್ಮ ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ಕಣ್ಣು ಬಿಟ್ಟು ಗೋವಿಂದಮ್ಮನ ಕಡೆ ತಿರುಗಿದಳು.

"ಗೋವಿಂದಮ್ಮ, ಕರ್ತನು ನಂಗೆ ತೋರಿಸ್ದ. ನಿನ್ ಮಗ ರಾಜೇಂದ್ರನ ಅನ್ನ ಮಣ್ಣಿಗೆ ಬೀಳ್ತದೆ. ಆ ಫ್ಯಾಕ್ಟ್ರೀಲಿ ಅವ್ನಿಗೆ ಕಂಟಕ ಅದೆ. ನಲ್ವತ್ ದಿನ ಅವನ ಕಾಲು ಆ ಗೇಟು ದಾಟಬಾರ್ದು."

ಪ್ರೆಸ್ ಮಷಿನ್‌ಗೆ ಬೆರಳು ಕೊಟ್ಟವರನ್ನು ಗೋವಿಂದಮ್ಮ ಕಣ್ಣಾರೆ ಕಂಡಿದ್ದಳು. ಬಾಯಲ್ಲಿ ಬಂದದ್ದು ಒಂದೇ ಮಾತು, ಆಮೆನ್.

ಸಂಜೆ ಉಪವಾಸ ಬಿಟ್ಟು ಮನೆಯ ನಾಲ್ವರೂ ಊಟಕ್ಕೆ ಕೂತಾಗ ಜಗಳ ಹತ್ತಿಕೊಂಡಿತು. ತಟ್ಟೆಯಲ್ಲಿ ಬಿಸಿ ಮುದ್ದೆ, ಹುರುಳಿಕಾಳಿನ ಸಾರು.

"ನಲ್ವತ್ ದಿನ ರಜಾ ಹಾಕಿದ್ರೆ ಅದು ರಜಾ ಅಲ್ಲ ಕಣವ್ವ, ರಾಜೀನಾಮೆ" ಎಂದ ರಾಜೇಂದ್ರ. "ಪರ್ಮನೆಂಟ್ ಅನ್ನೋದು ಬಾಗ್ಲುತಾವ ಬಂದು ನಿಂತದೆ. ಈಗ ಬಾಗ್ಲು ಹಾಕು ಅಂತೀಯಲ್ಲ."

"ಕೈ ಓದ್ರೆ ಪರ್ಮನೆಂಟ್ ಇಟ್ಕಂಡು ಏನ್ ಮಾಡೀಯೆ?"

"ಮಷಿನ್‌ಗೆ ಸೆನ್ಸಾರ್ ಅದೆ. ಕೈಯಿಟ್ರೆ ನಿಂತೋಯ್ತದೆ."

"ಶಿವನಂಜಮ್ಮನ ಗೋಡೆಗೂ ಗಟ್ಟಿ ತಳಪಾಯ ಇತ್ತು."

ಬಿಂದುಶ್ರೀ ನಡುವೆ ಬಾಯಿ ಹಾಕಿದಳು. ಅವಳು ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವವಳು, ಚೀಟಿ ನೋಡದೆ ಮಾತ್ರೆ ಕೊಡುವವಳಲ್ಲ. "ಅಮ್ಮ, ಜವರಮ್ಮತ್ತೆ ಏನ್ ನೋಡಿದ್ರು ಅಂತ ಯಾರಾದ್ರೂ ಕೇಳಿದ್ರಾ? ಮಷಿನ್ ಕಂಡಿತಾ, ರಕ್ತ ಕಂಡಿತಾ?"

"ಹಂಗೆಲ್ಲ ಕೇಳಬಾರ್ದು."

"ಯಾಕೆ ಕೇಳಬಾರ್ದು?"

"ಕೇಳಬಾರ್ದು ಅಂದ್ರೆ ಕೇಳಬಾರ್ದು. ಸುಮ್ನೆ ಉಣ್ಣು."

ದೇವಯ್ಯ ಗೋಡೆಗೆ ಒರಗಿ ಸಾರಿನಲ್ಲಿ ಅನ್ನ ಕಲಸಿ ನಿಧಾನಕ್ಕೆ ಹೀರುತ್ತಿದ್ದ. ಹಲ್ಲುನೋವು, ಮುದ್ದೆ ಬೇಡ ಎಂದು ಹೇಳಿಯಾಗಿತ್ತು. ಹೆಂಡತಿಯ ಮುಖ ನೋಡಿ ಮೆಲ್ಲಗೆ ಅಂದ: "ನಿಮ್ ದೇವ್ರು ಮಾತಾಡಿದ್ರೆ ಬ್ಯಾಡ ಅನ್ನಾಕೆ ನಾನ್ಯಾರು. ಆದ್ರೆ ಮಾತಾಡಿದ್ದು ಅವ್ನಾ ಇವ್ಳಾ ಅಂತ ನೋಡ್ಬೇಕಲ್ವಾ?"

"ನಿಮ್ಗೆ ಇದ್ರಲ್ಲಿ ಏನ್ ಗೊತ್ತಾಯ್ತದೆ" ಎಂದು ಗೋವಿಂದಮ್ಮ ಅವನ ಬಾಯಿ ಮುಚ್ಚಿಸಿದಳು.

ಶನಿವಾರ ರಾಜೇಂದ್ರ ತಾಯಿಯ ಮಾತು ಮೀರಿ ಹೋದ. ಅವನು ಮರಳುವವರೆಗೆ ಗೋವಿಂದಮ್ಮ ಒಂದು ತೊಟ್ಟು ನೀರು ಮುಟ್ಟಲಿಲ್ಲ. ಸೋಮವಾರ ಬೆಳಗ್ಗೆ ಹೊಸ್ತಿಲ ಮೇಲೆ ಕೂತುಬಿಟ್ಟಳು. "ನನ್ನ ದಾಟ್ಕಂಡ್ ಓಗು" ಎಂದಳು. ತಾಯಿಯನ್ನು ದಾಟಿ ಹೋಗುವುದಕ್ಕೆ ಆ ಮಗನಿಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ರಾಜೇಂದ್ರ ಶೂ ಬಿಚ್ಚಿ ಅಟ್ಟದ ಮೇಲೆ ಎಸೆದು ಗೋಡೆ ಕಡೆ ತಿರುಗಿ ಮಲಗಿದ.

ಮೊದಲ ವಾರ ಸೂಪರ್‌ವೈಸರ್ ಫೋನ್ ಮಾಡಿದ. ಎರಡನೆಯ ವಾರ ಗೆಳೆಯರು ಮಾಡಿದರು. ಹನ್ನೆರಡನೆಯ ದಿನ ಕಂಟ್ರಾಕ್ಟರ್ ಫೋನ್ ಮಾಡಿ, "ನಿನ್ನ ಜಾಗಕ್ಕೆ ಬೇರೆಯವ್ರನ್ನ ಹಾಕಿದೀನಿ, ಬಂದು ಗುರುತಿನ ಚೀಟಿ ಕೊಟ್ಟೋಗು" ಅಂದ. ಇಷ್ಟು ದಿನವೂ ಆ ಮಷಿನ್ ಯಾರ ಬೆರಳನ್ನೂ ಮುಟ್ಟದೆ ಮರ್ಯಾದೆಯಿಂದ ಓಡುತ್ತಿತ್ತು.

ಮುಂದಿನ ಸಭೆಯಲ್ಲಿ ಶಿವನಂಜಮ್ಮ, "ನೀವು ವಿಧೇಯರಾದ್ರಿ, ಅದ್ಕೇ ಕಂಟಕ ತಪ್ಪೋಯ್ತು, ಸ್ತೋತ್ರ" ಎಂದಳು. ಎಲ್ಲರೂ ಸ್ತೋತ್ರ ಎಂದರು. ಬಿಂದುಶ್ರೀ ತಾಯಿಯ ಕಿವಿಯಲ್ಲಿ, "ಆಗಿದ್ರೆ ದರ್ಶನ ನಿಜ, ಆಗದಿದ್ರೂ ದರ್ಶನ ನಿಜ. ಹಿಂಗಾದ್ರೆ ಸುಳ್ಳು ಅಂತ ಗೊತ್ತಾಗೋದು ಯಾವಾಗಮ್ಮ?" ಎಂದು ಕೇಳಿದಳು. ಜವರಮ್ಮ ಆ ದಿನ ಬಂದಿರಲಿಲ್ಲ. ಹೆಮ್ಮಿಗೆಯಲ್ಲಿ ಭತ್ತದ ಕುಯ್ಲು.

ಮನೆಯಲ್ಲಿ ಊಟದ ಹೊತ್ತು ಸಂತೆಯ ಹಾಗಿದ್ದದ್ದು ಸ್ಮಶಾನದ ಹಾಗಾಯಿತು. ರಾಜೇಂದ್ರ ತಾಯಿಯೊಡನೆ ಬೇಕಾದಷ್ಟೇ ಮಾತಾಡುತ್ತಿದ್ದ. ದೇವಯ್ಯ ಬಂದವನೇ ಗಂಜಿ ಕುಡಿದು ಹಾಸಿಗೆ ಹಿಡಿಯುತ್ತಿದ್ದ. ಮಗನ ಚಿಂತೆ ಅವನನ್ನೂ ಸೊರಗಿಸಿದೆ ಎಂದುಕೊಂಡು ಗೋವಿಂದಮ್ಮ ತನ್ನನ್ನೇ ಶಪಿಸಿಕೊಂಡಳು. ಅವನ ಅಂಗಿ ಹೆಗಲಿಂದ ಜಾರುವಷ್ಟು ಸಡಿಲವಾಗಿತ್ತು; ಅದನ್ನು ಅವಳೇ ಒಗೆದು ಒಣಗಿಸಿದರೂ ಅವಳ ಕಣ್ಣೆಲ್ಲ ಮಗನ ಮೇಲೆಯೇ ಇತ್ತು.

ಇಪ್ಪತ್ತನೆಯ ದಿನ ರಾಜೇಂದ್ರನಿಗೆ ತಾಂಡ್ಯದಲ್ಲೇ ಬೇರೊಂದು ಕಾರ್ಖಾನೆಯಿಂದ ಕರೆ ಬಂತು. ಸೋಮವಾರ ಬರಬೇಕು. ಮೊದಲಿನಿಂದ ಶುರು, ಹೊಸಬನ ಸಂಬಳ, ಆದರೂ ಕೆಲಸ.

"ಅವ್ವ, ಈ ಸಲ ನೀನು ಹೊಸ್ತಿಲ ಮೇಲೆ ಕೂತ್ರೆ ನಾನು ಹಿತ್ತಿಲ ಬಾಗ್ಲಲ್ಲಿ ಓಯ್ತೀನಿ. ಆಮ್ಯಾಕೆ ಈ ಮನೆಗೆ ಬರಾಕಿಲ್ಲ" ಎಂದ. ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಕಳಿಸಿದರೆ ದೇವರ ಎಚ್ಚರಿಕೆ ಮೀರಿದ ಹಾಗೆ. ಏನಾದರೂ ಆದರೆ ಜನ್ಮವಿಡೀ ತನ್ನ ತಲೆಯ ಮೇಲೆ. ತಡೆದರೆ ಮಗನೇ ಇಲ್ಲ. ಅತ್ತ ದರಿ, ಇತ್ತ ಪುಲಿ. ಗೋವಿಂದಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ಬಿಂದುಶ್ರೀ ಬಂದು ಪಕ್ಕದಲ್ಲಿ ಕೂತಳು.

"ಕೇಳಿ ಬಾಮ್ಮ. ಜವರಮ್ಮತ್ತೆ ದೇವ್ರಲ್ಲ. ಮನುಷ್ಯರನ್ನ ಕೇಳಿದ್ರೆ ಪಾಪ ಬರಲ್ಲ."

ಶನಿವಾರ ಶಾಲೆಗೆ ರಜಾ ಹೇಳಿ ಗೋವಿಂದಮ್ಮ ಬೆಳಗಿನ ಬಸ್ಸು ಹತ್ತಿದಳು. ನೇರ ಹೆಮ್ಮಿಗೆಗೆ ಹೋಗುವ ಧೈರ್ಯ ಬರಲಿಲ್ಲ. ಟಿ. ನರಸೀಪುರದಲ್ಲಿ ಇಳಿದು ಸಭೆಯ ಹಿರಿಯ ರಂಗನಾಯಕರ ಮನೆಗೆ ಹೋದಳು. ರಂಗನಾಯಕರು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲ ಕೇಳಿಸಿಕೊಂಡು, ಒಂದು ಬೊಗಸೆ ಕಾಯಿ ಅವಳ ಮುಂದೆಯೂ ಹಾಕಿದರು.

"ಕಂಡದ್ದೆಷ್ಟು, ಸೇರಿಸಿದ್ದೆಷ್ಟು ಅಂತ ಕೇಳಿದ್ಯಾ?"

"ಹಂಗೆ ಕೇಳಿದ್ರೆ ಅಪನಂಬಿಕೆ ಅಂತಾರಲ್ಲ ಸಾ."

"ನಾನು ಟಿಕೆಟ್ ನೋಡ್ದೆ ಒಬ್ಬನ್ನೂ ಕೂರಿಸ್ಕಂಡೋನಲ್ಲ. ಅಂದ್ರೆ ಎಲ್ರನ್ನೂ ಕಳ್ರು ಅಂದ್ಕಂಡಿದ್ನಾ?" ಎಂದು ಅವರು ಕಾಯಿಯ ಸಿಪ್ಪೆ ಬದಿಗಿಟ್ಟರು. "ಬೈಬಲ್ ವಾಕ್ಯದಲ್ಲಿ, ಸುವಾರ್ತೆ ಸಾರ್ತಾ ಊರೂರು ತಿರುಗ್ತಿದ್ದ ಆ ದೊಡ್ಡ ಅಪೊಸ್ತಲನ ಕಥೆ ಅದೆಯಲ್ಲ, ಜ್ಞಾಪಕ ಮಾಡ್ಕೊ. ಒಬ್ಬ ಪ್ರವಾದಿ ಅವನ ನಡುಕಟ್ಟು ತಗಂಡು ತನ್ನ ಕೈಕಾಲು ಕಟ್ಕಂಡು, ಪಟ್ಣದಲ್ಲಿ ನಿನ್ನ ಹಿಂಗೇ ಕಟ್ತಾರೆ ಅಂದ. ಅಷ್ಟೇ ಅಂದ. ಹೋಗಬೇಡ ಅಂತ ಅತ್ತು ಕರೆದವ್ರು ಸುತ್ತ ಇದ್ದ ಜನ. ಪ್ರವಾದಿ ಕಂಡಿದ್ದು ನಿಜ, ಕಟ್ಟಿದ್ರು. ಜನ ಸೇರಿಸಿದ್ದು ಅವ್ರ ಪ್ರೀತಿ. ಅಪೊಸ್ತಲ ಎರಡ್ನೂ ಬೇರೆ ಮಾಡಿ, ಹೊರಟ."

"ಹಂಗಾದ್ರೆ ಜವರಮ್ಮಂದು ಸುಳ್ಳಾ?"

"ಸುಳ್ಳು ಅಂತ ನಾನ್ಯಾವಾಗ ಅಂದೆ? ಅವಳ ಮಾತನ್ನ ತಳ್ಳಲೂ ಬೇಡ, ನುಂಗಲೂ ಬೇಡ. ಕೇಳು. ಕೇಳದೆ ಆಮೆನ್ ಅಂದಿದ್ದು ನಮ್ಮ ತಪ್ಪು, ಅದ್ರಲ್ಲಿ ಹಿರಿಯ ಅನಿಸ್ಕಂಡ ನಂದೇ ಮೊದಲ್ನೇದು. ನೀನೇ ಹೋಗ್ಬಾ, ಹೆಮ್ಮಿಗೆ ಬಸ್ಸು ಎಂಟೂವರೆಗೆ ಅದೆ."

ಹೆಮ್ಮಿಗೆಯಲ್ಲಿ ಜವರಮ್ಮ ಕಣದಲ್ಲಿದ್ದಳು. ತಲೆಗೆ ಟವೆಲ್ ಸುತ್ತಿಕೊಂಡು ಭತ್ತ ತೂರುತ್ತಿದ್ದವಳು ಗೋವಿಂದಮ್ಮನನ್ನು ಕಂಡು ಮೊರ ಕೆಳಗಿಟ್ಟಳು.

"ಏನವ್ವ, ಮಗಂಗೆ ಏನಾರ ಆಯ್ತಾ?"

"ಅವ್ನು ಕಲ್ಲುಗುಂಡಿನಂಗವ್ನೆ. ಕೆಲಸ ಓಯ್ತು ಅಷ್ಟೇ." ಗೋವಿಂದಮ್ಮ ಮೊರದ ಪಕ್ಕ ಬಂದು ನಿಂತಳು. "ಜವರಮ್ಮಕ್ಕ, ಒಂದ್ ಮಾತು. ಕೋಪ ಮಾಡ್ಕಬೇಡಿ. ಅವತ್ತು ನಿಮ್ ಕಣ್ಗೆ ಏನು ಕಾಣ್ತು? ಅರ್ಥ ಬ್ಯಾಡ. ಕಂಡಿದ್ದಷ್ಟೇ ಯೋಳಿ."

ಜವರಮ್ಮ ಅವಳನ್ನೇ ನೋಡಿದಳು. ಸಿಟ್ಟಾಗುತ್ತಾಳೆ ಎಂದು ಗೋವಿಂದಮ್ಮ ಕಾದಳು. ಆಕೆ ಸಿಟ್ಟಾಗಲಿಲ್ಲ.

"ಇದ್ವರ್ಗೂ ನನ್ನ ಯಾರೂ ಇಂಗೆ ಕೇಳಿರ್ನಿಲ್ಲ" ಎಂದಳು. ಕಣದ ಅಂಚಿನಲ್ಲಿ ಕೂತು ಕಣ್ಣು ಮುಚ್ಚಿದಳು. "ನೀರು ಅರೀತಿತ್ತು. ವಳೆ ಅಲ್ಲ, ನಾಲೆ. ಏರಿ ಮ್ಯಾಲೆ ಒಂದು ಬುತ್ತಿ ಕ್ಯಾರಿಯರ್. ಒಬ್ಬ ಗಂಡಸು ಅದ್ರಲ್ಲಿದ್ದ ಮುದ್ದೆ ತಗದು ಮಣ್ಣಿಗೆ ಆಕ್ತಿದ್ದ. ಕಾಗೆ ಬಂದು ತಿಂತಿದ್ವು. ಅವನ ಮುಖ ಕಾಣ್ನಿಲ್ಲ, ಕೈ ಅಷ್ಟೇ ಕಾಣ್ತು."

"ಆಮೇಲೆ?"

"ಅಷ್ಟೇ. ಇದು ಗೋವಿಂದಮ್ಮನ ಮನೇದು ಅಂತ ಎದೆ ಯೋಳ್ತು. ಯಾವಾಗ್ಲೂ ರಾಜೇಂದ್ರನ ಕೆಲ್ಸಕ್ಕೇ ಪ್ರಾರ್ಥನೆ ಮಾಡ್ತಿದ್ವಲ್ಲ, ಅವ್ನೇ ಅಂದ್ಕಂಡೆ. ಅನ್ನ ಮಣ್ಣಿಗೆ ಬಿತ್ತು ಅಂದ್ರೆ ಫ್ಯಾಕ್ಟ್ರೀಲಿ ಕಂಟಕ ಅಂತ..." ಜವರಮ್ಮ ಮಾತನ್ನು ಅಲ್ಲಿಗೇ ನಿಲ್ಲಿಸಿದಳು.

"ಗೇಟು, ನಲ್ವತ್ ದಿನ?"

"ಅವು ಕಾಣ್ನಿಲ್ಲ ಕಣವ್ವ." ಅವಳ ದನಿ ಇಳಿದುಹೋಗಿತ್ತು.

ರಾಜೇಂದ್ರ ನಾಲ್ಕು ವರ್ಷದಲ್ಲಿ ಒಂದು ದಿನವೂ ಬುತ್ತಿ ಒಯ್ದವನಲ್ಲ. ಅವನ ಊಟ ಕ್ಯಾಂಟೀನಿನಲ್ಲಿ.

"ಆ ಕ್ಯಾರಿಯರ್ ಎಂಗಿತ್ತು ಅಕ್ಕ?"

"ಅಳೇದು. ಕ್ಲಿಪ್ಪು ಕಿತ್ತೋಗಿತ್ತು ಅಂತ ಕಾಣ್ತದೆ, ನೀಲಿ ದಾರ ಸುತ್ತಿ ಕಟ್ಟಿದ್ರು."

ಗೋವಿಂದಮ್ಮ ಅಲ್ಲೇ ಭತ್ತದ ಹುಲ್ಲಿನ ಮೇಲೆ ಕೂತಳು. ದೀಪಾವಳಿಯ ಹೊತ್ತಿಗೆ ಕ್ಲಿಪ್ಪು ಮುರಿದಾಗ ಶಾಲೆಯ ಹಾಲಿನಪುಡಿ ಚೀಲದ ನೀಲಿ ದಾರ ತಂದು ಕಟ್ಟಿದವಳು ಅವಳೇ. ಆ ಕ್ಯಾರಿಯರ್ ಬೆಳಗ್ಗೆ ಏಳಕ್ಕೆ ಸೈಕಲ್ಲಿನ ಹ್ಯಾಂಡಲ್‌ಗೆ ತೂಗಿಕೊಂಡು ಹೋದರೆ ಸಂಜೆಯೇ ಮನೆಗೆ ಬರುವುದು. ಸಭೆಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ಜವರಮ್ಮ ಬಸ್ಸಿನಲ್ಲಿ ಆ ರಸ್ತೆಗೆ ಬಂದರೂ ಆ ತೋಟದೊಳಗೆ ಕಾಲಿಟ್ಟವಳಲ್ಲ. ಗೋವಿಂದಮ್ಮನಿಗೆ ಮಾತಾಡಲು ಭಯವಾಯಿತು, ಮಾತಾಡದೆ ಇರಲೂ ಭಯವಾಯಿತು.

"ಅದು ನಮ್ಮೆಜಮಾನ್ರುದು" ಎಂದಳು.

"ದೇವಯ್ಯಣ್ಣಂದಾ?" ಜವರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಅವ್ರು ನನ್ ತಲೇಗೇ ಬರ್ನಿಲ್ಲ ಕಣವ್ವ. ಅವ್ರು ಸಭೆಗೆ ಬರಾಕಿಲ್ವಲ್ಲ ಅಂತ..."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಗೋವಿಂದಮ್ಮ ಹುಡುಕಲೂ ಇರಲಿಲ್ಲ. ಹಿಂತಿರುಗುವ ಬಸ್ಸು ಅವಳ ಪಾಲಿಗೆ ಆಮೆಯಾಗಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾಕಮ್ಮ ಅಳ್ತೀಯ ಎಂದು ಕೇಳಿದರೆ, ಅಳುತ್ತಿರುವುದು ಅವಳಿಗೆ ಆಗಲೇ ಗೊತ್ತಾದದ್ದು. ನಂಜನಗೂಡಿಗೆ ಟಿಕೆಟ್ ತೆಗೆದುಕೊಂಡಿದ್ದರೂ ಬಾಳೆತೋಟದ ಹತ್ತಿರವೇ ಇಳಿದುಬಿಟ್ಟಳು.

ಒಂದು ಗಂಟೆಯ ಬಿಸಿಲು. ತೋಟದ ಹಿಂದೆ ನಾಲೆ ತುಂಬಿ ಹರಿಯುತ್ತಿತ್ತು. ದೇವಯ್ಯ ಏರಿಯ ಮೇಲೆ ಕೂತಿದ್ದ. ಮುದ್ದೆಯ ಒಂದು ಸಣ್ಣ ತುತ್ತು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಮುದ್ದೆ ಉಣ್ಣುವ ನಾಡಿನವನು; ಅಗಿಯುವುದು ಅವನಿಗೆ ಗೊತ್ತಿಲ್ಲ, ನುಂಗುವುದೇ. ಕತ್ತು ಮುಂದೆ ಚಾಚಿ ನುಂಗಿದ. ಇಳಿಯಲಿಲ್ಲ. ಎದೆ ಹಿಡಿದುಕೊಂಡ, ನೀರು ಕುಡಿದ, ಕಣ್ಣಲ್ಲಿ ನೀರು ಬಂತು, ತುತ್ತು ಹೊರಗೆ ಬಂತು. ಬಾಯಿ ಒರೆಸಿಕೊಂಡು ಅತ್ತ ಇತ್ತ ನೋಡಿ ಉಳಿದ ಮುದ್ದೆಯನ್ನು ಮಣ್ಣಿನ ಮೇಲೆ ಹಾಕಿದ. ಕಾಗೆಗಳು ಇಳಿದವು.

ಗೋವಿಂದಮ್ಮ ಬಾಳೆಗಿಡದ ಮರೆಯಲ್ಲಿ ಕಲ್ಲಾಗಿ ನಿಂತಿದ್ದಳು. ಹೆಮ್ಮಿಗೆಯ ಕಣದಲ್ಲಿ ಕೂತು ಕೇಳಿದ ಮಾತು ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಮ್ಮಿಯಿಲ್ಲದೆ ಅವಳ ಕಣ್ಣ ಮುಂದೆ ನಡೆಯುತ್ತಿತ್ತು. ದೇವರು ದೊಡ್ಡವನು ಎಂದು ಹನ್ನೊಂದು ವರ್ಷ ಹಾಡಿದ್ದಳು. ಇಷ್ಟು ಸಣ್ಣದನ್ನು ನೋಡುವಷ್ಟು ದೊಡ್ಡವನು ಎಂದು ಆವತ್ತೇ ತಿಳಿದದ್ದು.

"ಎಷ್ಟು ದಿನದಿಂದ?" ಎಂದಳು, ಹತ್ತಿರ ಹೋಗಿ.

ದೇವಯ್ಯ ಬೆಚ್ಚಿಬಿದ್ದ. ಸುಳ್ಳು ಹೇಳಲು ಬಾಯಿ ತೆರೆದವನು ಅವಳ ಮುಖ ಕಂಡು ಮುಚ್ಚಿದ. "ಎರಡ್ ತಿಂಗ್ಳಾಗಿರ್ಬೇಕು. ಗಂಜಿ ಇಳೀತದೆ. ಮುದ್ದೆ ಇಳೀನಾಕಿಲ್ಲ."

"ನಂಗ್ಯಾಕ್ ಯೋಳ್ನಿಲ್ಲ?"

"ಯೋಳಿದ್ರೆ ನಿಮ್ ಸಭೆಯೋರೆಲ್ಲ ಬಂದು ನನ್ ತಲೆ ಮ್ಯಾಲೆ ಕೈಯಿಟ್ಟು ಕೂಗ್ತಾರೆ ಅಂತ." ನಗಲು ನೋಡಿದ, ಆಗಲಿಲ್ಲ. "ಮಗನ ಕೆಲ್ಸ ಪರ್ಮನೆಂಟ್ ಆಗೋಗ್ಲಿ, ಆಮ್ಯಾಕೆ ತೋರಿಸ್ಕಳನ ಅಂತಿದ್ದೆ. ಅಷ್ಟ್ರಲ್ಲಿ ಇದೆಲ್ಲ ಆಯ್ತು. ನೀನ್ಯಾಕ್ ಇಲ್ಲಿಗ್ ಬಂದೆ? ಯಾರ್ ಯೋಳಿದ್ರು?"

ಗೋವಿಂದಮ್ಮ ಹೇಳಿದಳು. ನಾಲೆ, ಕ್ಯಾರಿಯರ್, ನೀಲಿ ದಾರ, ಕಾಗೆ. ದೇವಯ್ಯ ಕ್ಯಾರಿಯರ್ ಕಡೆ ನೋಡಿದ, ಕಾಗೆಗಳ ಕಡೆ ನೋಡಿದ. ಅವಳು ಕೈ ಹಿಡಿದು ಎಬ್ಬಿಸಿದರೆ ಸಣ್ಣ ಮಗುವಿನ ಹಾಗೆ ಎದ್ದು ಬಂದ.

ಸೋಮವಾರ ರಾಜೇಂದ್ರ ಹೊಸ ಕಾರ್ಖಾನೆಗೆ ಹೊರಟಾಗ ಗೋವಿಂದಮ್ಮ ಅಟ್ಟದಿಂದ ಶೂ ಇಳಿಸಿ, ಒರೆಸಿ ಕೊಟ್ಟಳು. ಅದೇ ದಿನ ಬಿಂದುಶ್ರೀ ತಂದೆಯನ್ನು ರೈಲಿನಲ್ಲಿ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೊರಟಳು, ಗೋವಿಂದಮ್ಮನೂ ಜೊತೆಗೆ. ದಾರಿಯುದ್ದಕ್ಕೂ ಹುಡುಗಿ ತನ್ನನ್ನೇ ಬೈದುಕೊಂಡಳು: "ವಾರಕ್ಕೊಂದು ಸ್ಟ್ರಿಪ್ ಗ್ಯಾಸ್ ಮಾತ್ರೆ ನನ್ನ ಕೈಯಲ್ಲೇ ಇಸ್ಕೊಂಡು ಹೋಗ್ತಿದ್ರಿ. ಊರವರನ್ನೆಲ್ಲ ಏನಾಗಿದೆ ಅಂತ ಕೇಳೋಳು, ನಿಮ್ಮನ್ನ ಕೇಳಲಿಲ್ಲ."

ಗಂಟಲಿಗೆ ಕೊಳವೆ ಬಿಟ್ಟು ನೋಡಿದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನದ ಮೇಲೆ ಡಾಕ್ಟರಮ್ಮ ಚಿತ್ರ ತೋರಿಸಿ, ಅನ್ನನಾಳದಲ್ಲಿ ಗಡ್ಡೆ, ಕ್ಯಾನ್ಸರ್, ಆದರೆ ಹರಡಿಲ್ಲ, ವಾಸಿ ಮಾಡಬಹುದಾದ ಹಂತದಲ್ಲೇ ಇದೆ ಎಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಇಷ್ಟು ಬೇಗ ನಮ್ಮತ್ರ ಯಾರೂ ಬರಲ್ಲ ಕಣಮ್ಮ. ನೀರೂ ಇಳಿಯಲ್ಲ ಅಂದಾಗ ಬರ್ತಾರೆ, ಆಗ ನಮ್ಮ ಕೈಲಿ ಏನೂ ಇರಲ್ಲ. ನಿಮ್ಮನ್ನ ಯಾರು ಕಳಿಸಿದ್ದು?"

ಗೋವಿಂದಮ್ಮ ಮಗಳ ಮುಖ ನೋಡಿದಳು. "ಟಿ. ನರಸೀಪುರದ ಕಡೆಯೋರು ಒಬ್ರು" ಎಂದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಧೈರ್ಯ ಸಾಲಲಿಲ್ಲ.

ಸೂಜಿಯ ಔಷಧಿ, ರೇಡಿಯೇಷನ್ನಿನ ಕರೆಂಟು ಅಂತ ಮಾರ್ಚ್ ತಿಂಗಳವರೆಗೆ ಮೈಸೂರಿಗೆ ಓಡಾಟ ನಡೆಯಿತು. ಗಡ್ಡೆ ಅರ್ಧಕ್ಕರ್ಧ ಕರಗಿದೆ, ಇನ್ನು ಆಪರೇಷನ್ ಮಾಡಿ ತೆಗೆದುಬಿಡಬಹುದು ಎಂದು ಹೇಳಿ ದಿನ ಗೊತ್ತು ಮಾಡಿದರು. ಅದರ ಹಿಂದಿನ ಭಾನುವಾರ ಮಧ್ಯಾಹ್ನ ರಂಗನಾಯಕರು ಜವರಮ್ಮನನ್ನು ಕರೆದುಕೊಂಡು ಮನೆಗೆ ಬಂದರು. ಕಣದ ಆ ಶನಿವಾರದಿಂದ ಜವರಮ್ಮ ಸಭೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಒಳಗೆ ಬಂದವಳು ಚಾಪೆಯ ಮೇಲೆ ಕೂರದೆ ರಾಜೇಂದ್ರನ ಎದುರು ನಿಂತಳು.

"ಕಂಡಿದ್ದು ದೇವ್ರುದು ಕಣಪ್ಪ. ಮಿಕ್ಕಿದ್ದೆಲ್ಲ ನಂದು. ಆ ನಂದ್ರಲ್ಲಿ ನಿನ್ ಕೆಲ್ಸ ಓಯ್ತು. ಕ್ಷಮಿಸ್ಬುಡು."

ರಾಜೇಂದ್ರ ನೆಲ ನೋಡಿದ. "ಕೆಲ್ಸ ಓಗಿದ್ದೂ ದೇವ್ರ ಚಿತ್ತ ಅಂತ ಸಭೇಲಿ ಸಾಕ್ಷಿ ಯೋಳ್ತಾವ್ರೆ. ಅದನ್ನ ಮಾತ್ರ ಬ್ಯಾಡ ಅನ್ನಿ ಅತ್ತೆ. ನಾಲ್ಕು ವರ್ಷ ನಿಂತ ಕಾಲು ನಂದು."

"ಯೋಳ್ತೀನಿ. ಅದು ನನ್ ತಪ್ಪು ಅಂತ್ಲೇ ಯೋಳ್ತೀನಿ."

"ಹಂಗಾದ್ರೆ ಕೂತ್ಕಳಿ" ಎಂದ. ಅವಳು ಕೂತ ಮೇಲೆ, "ನಮ್ಮಪ್ಪನ್ನ ಉಳಿಸಿದ್ರಿ" ಎಂದೂ ಅಂದ.

"ಇನ್ಮ್ಯಾಕೆ ಏನ್ ಕಂಡ್ರೂ ನಾನ್ ಬಾಯಿ ಬಿಡಾಕಿಲ್ಲ" ಎಂದಳು ಜವರಮ್ಮ.

"ಬಿಡ್ಬೇಕು" ಎಂದಳು ಗೋವಿಂದಮ್ಮ. "ನೀವು ಅವತ್ತು ಬಾಯಿ ಮುಚ್ಕಂಡಿದ್ರೆ ನಾನಿವತ್ತು ಏನಾಗಿರ್ತಿದ್ದೆ? ಕಂಡಿದ್ದನ್ನ ಕಂಡಷ್ಟೇ ಯೋಳಿ. ನಾವು ಕೇಳ್ತೀವಿ. ಕೇಳಿದ್ರೆ ನೀವು ಬೇಜಾರ್ ಮಾಡ್ಕಬೇಡಿ."

ಸಭೆಯವರು ಬಂದರೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೊರಡುವುದು ದೇವಯ್ಯನ ಪದ್ಧತಿ. ಆ ದಿನ ಹೊರಡಲಿಲ್ಲ. ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಎಲ್ಲ ಕೇಳುತ್ತಿದ್ದವನು ಜವರಮ್ಮನನ್ನು ಹತ್ತಿರ ಕರೆದ.

"ತಾಯಿ, ನಾನೂ ಒಂದ್ ಕೇಳ್ಬೇಕು. ನಾಲೆತಾವ ಯಾರೂ ಇರ್ತಿರ್ನಿಲ್ಲ. ದಿನಾ ನಾಕೂ ದಿಕ್ಕು ನೋಡ್ಬುಟ್ಟೇ ನಾನು ಮುದ್ದೆ ಬಿಸಾಕ್ತಿದ್ದುದು. ನಿಮ್ಗೆ ತೋರಿಸ್ದೋನು ಎಲ್ಲಿ ನಿಂತಿದ್ದ?"

ರಂಗನಾಯಕರು ಏನೋ ವಾಕ್ಯ ಹೇಳಹೊರಟು ಸುಮ್ಮನಾದರು. ಜವರಮ್ಮ ಕಣ್ಣು ಮುಚ್ಚಿ ಜ್ಞಾಪಿಸಿಕೊಂಡಳು. ಈ ಸಲ ಒಂದು ಮಾತೂ ಹೆಚ್ಚಾಗಬಾರದು ಎಂದು ಅವಳು ಪಡುತ್ತಿದ್ದ ಕಷ್ಟ ಮುಖದಲ್ಲೇ ಕಾಣುತ್ತಿತ್ತು.

"ದೂರದಿಂದ ಕಾಣ್ನಿಲ್ಲ ಅಣ್ಣ. ಎದುರ್ಗಡೆಯಿಂದ್ಲೂ ಅಲ್ಲ, ಅದ್ಕೇ ಮುಖ ಕಾಣ್ನಿಲ್ಲ. ನಿಮ್ ಪಕ್ಕದಲ್ಲಿ ಕೂತ್ಕಂಡು ನಿಮ್ ಕೈನೇ ನೋಡ್ದಂಗೆ ಕಾಣ್ತು. ಅಷ್ಟೇ ನಂಗೊತ್ತಿರೋದು."

ದೇವಯ್ಯ ತನ್ನ ಕೈ ನೋಡಿಕೊಂಡ. ಸೂಜಿ ಚುಚ್ಚಿ ಚುಚ್ಚಿ ಕಪ್ಪಾಗಿದ್ದ ಕೈ. ಆ ಕೈಯಿಂದಲೇ ಕಣ್ಣು ಒರೆಸಿಕೊಂಡ. ಗೋವಿಂದಮ್ಮ ಮದುವೆಯಾದ ಮೂವತ್ತು ವರ್ಷದಲ್ಲಿ ಅವನು ಅತ್ತದ್ದನ್ನು ನೋಡಿರಲಿಲ್ಲ.

"ಅಷ್ಟು ಅತ್ರ ಇದ್ದೋನು" ಎಂದ ಕೊನೆಗೆ, "ನನ್ನ ಒಂದ್ ಮಾತು ಮಾತಾಡಿಸ್ಬಾರ್ದಿತ್ತಾ?"

"ಮಾತಾಡಿಸ್ದ ಕಣಣ್ಣ" ಎಂದಳು ಜವರಮ್ಮ. "ನಿಮ್ಗೆ ಅಂತ್ಲೇ ಯೋಳಿ ಕಳಿಸ್ದ. ನಾನು ಅದನ್ನ ನಿಮ್ ಮಗನ ಕೈಗೆ ಕೊಟ್ಬುಟ್ಟೆ."